ಏಲಿಯನ್ ಇಲ್ಲದ ಎಕ್ಸ್-ಫೈಲ್ಸ್

ಪ್ರಶ್ನೆ: ಅಮೆರಿಕದ ಟಿವಿ ಧಾರಾವಾಹಿ ‘ದಿ ಎಕ್ಸ್-ಫೈಲ್ಸ್’ನ ಮೂರನೇ ಸೀಸನ್‌ನ ‘ಕ್ಲೈಡ್ ಬ್ರಕ್‌ಮನ್ಸ್ ಫೈನಲ್ ರಿಪೋಸ್’ ಎಪಿಸೋಡನ್ನು ಎಲ್ಲರೂ ಹೊಗಳುತ್ತಾರೆ. ಅದರಲ್ಲಿ ಏಲಿಯನ್ ಇಲ್ಲ, ಸರ್ಕಾರದ ಪಿತೂರಿಯೂ ಇಲ್ಲ. ಅಂಥದ್ದೇನಿದೆ ಸಾರ್?

ಉತ್ತರ: ಪಿತೂರಿ ಇಲ್ಲದ್ದೇ ಒಳ್ಳೆಯದಾಯಿತು ಅಂತೀನಿ! ಆ ದೊಡ್ಡ ಕಥೆಯನ್ನು ಆಮೇಲೆ ಎಳೆದೂ ಎಳೆದೂ ಗೋಜಲು ಮಾಡಿಬಿಟ್ಟರು ಅಲ್ವಾ? 1995ರ ಈ ಎಪಿಸೋಡಿನಲ್ಲಿ ಭವಿಷ್ಯ ಹೇಳುವವರನ್ನು ಒಬ್ಬ ಕೊಲ್ಲುತ್ತಾ ಹೋಗುತ್ತಾನೆ, ಎಫ್‌ಬಿಐ ತನಿಖಾಧಿಕಾರಿಗಳಾದ ಮಲ್ಡರ್ ಮತ್ತು ಸ್ಕಲ್ಲಿಗೆ ಸಹಾಯಕ್ಕೆ ಸಿಗುವವನು ಕ್ಲೈಡ್ ಬ್ರಕ್‌ಮನ್ ಅನ್ನುವ ಒಬ್ಬ ಬಡಪಾಯಿ ವಿಮೆ ಏಜೆಂಟ್, ಎದುರಿಗಿರುವವರು ಹೇಗೆ ಸಾಯುತ್ತಾರೆ ಅನ್ನುವುದು ಅವನಿಗೆ ಕಾಣುತ್ತದೆ, ಲಾಟರಿ ನಂಬರು ಮಾತ್ರ ಕಾಣುವುದಿಲ್ಲ. ಜೀವವಿಮೆ ಮಾರುವವನಿಗೇ ಈ ಶಾಪ, ನೋಡಿ! ಆ ಪಾತ್ರ ಮಾಡಿದ ಪೀಟರ್ ಬಾಯ್ಲ್ ಎಲ್ಲೂ ಅಬ್ಬರಿಸುವುದಿಲ್ಲ. ಸುಸ್ತಾದ ಮುಖದಲ್ಲೇ ನಗಿಸುತ್ತಾರೆ, ಮರುಕ್ಷಣ ಗಂಟಲು ಕಟ್ಟಿಸುತ್ತಾರೆ. ಅವರಿಗೂ ಬರೆದ ಡಾರಿನ್ ಮಾರ್ಗನ್‌ಗೂ 1996ರಲ್ಲಿ ಟಿವಿಯ ಎಮ್ಮಿ ಪ್ರಶಸ್ತಿ ಸಿಕ್ಕಿದ್ದು ಸುಮ್ನೆ ಅಲ್ಲ. ಕೊಲೆಗಾರನ ಪಾತ್ರ ಸ್ವಲ್ಪ ಸಪ್ಪೆ, ಒಪ್ಪುತ್ತೇನೆ. ಆದರೆ ತಾನು ಹೇಗೆ ಸಾಯುತ್ತೇನೆ ಅಂತ ಸ್ಕಲ್ಲಿ ಕೇಳಿದಾಗ ಬ್ರಕ್‌ಮನ್ ಕೊಡುವ ಪುಟ್ಟ ಉತ್ತರ ಇದೆಯಲ್ಲ, ಅದಕ್ಕಾಗಿಯೇ ಇನ್ನೊಮ್ಮೆ ನೋಡಿ. ಏಲಿಯನ್ ಬೇಕೇ ಬೇಕು ಅಂದರೆ ಅದೇ ಸೀಸನ್‌ನ ‘ಜೋಸ್ ಚಂಗ್ಸ್ ಫ್ರಮ್ ಔಟರ್ ಸ್ಪೇಸ್’ ಇದೆ, ಅದೂ ಮಾರ್ಗನ್ ಬರೆದದ್ದೇ.