ಇಬಿವಿ ಪಾಸಿಟಿವ್ ಅಂದರೆ ಎಂಎಸ್ ಬಂದೇ ಬರುತ್ತದೆ ಅಂತಲ್ಲ

ನಿಮ್ಮ ರಕ್ತದಲ್ಲಿ ಎಪ್‌ಸ್ಟೀನ್-ಬಾರ್ ವೈರಸ್ (ಇಬಿವಿ) ಬಂದುಹೋದ ಗುರುತು ಸಿಕ್ಕಿದೆ, ಅಕ್ಕನಿಗಿರುವ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್, ಅಂದರೆ ಮಿದುಳು-ಬೆನ್ನುಹುರಿಯ ನರಗಳ ಹೊದಿಕೆ ಹಾಳಾಗುವ ಕಾಯಿಲೆ) ನಿಮಗೂ ಬರುತ್ತದಾ ಅಂತ ಕೇಳಿದ್ದೀರಿ. ದಯವಿಟ್ಟು ಹೆದರಬೇಡಿ. ದೊಡ್ಡವರಲ್ಲಿ 100ಕ್ಕೆ 90ಕ್ಕೂ ಜಾಸ್ತಿ ಜನರಲ್ಲಿ ಈ ಗುರುತು ಇರುತ್ತದೆ. ಎಂಎಸ್ ಬರುವುದು ತೀರಾ ಕೆಲವರಿಗೆ. ಅಕ್ಕನಿಗೆ ಇರುವುದರಿಂದ ನಿಮಗೆ ಅಪಾಯ ಸ್ವಲ್ಪ ಜಾಸ್ತಿ ನಿಜ, ಆದರೂ ಕಡಿಮೆಯೇ.

ಹಾಗಂತ ಈ ವೈರಸ್‌ಗೂ ಎಂಎಸ್‌ಗೂ ಇರುವ ನಂಟು ಸುಳ್ಳಲ್ಲ. ಅಮೆರಿಕದ ಸೈನಿಕರಿಂದ ವರ್ಷಗಟ್ಟಲೆ ತೆಗೆದಿಟ್ಟಿದ್ದ ರಕ್ತವನ್ನು ಹಾರ್ವರ್ಡ್‌ನವರು ಪರೀಕ್ಷಿಸಿ 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಸೋಂಕಿನ ನಂತರ ಎಂಎಸ್ ಅಪಾಯ 32 ಪಟ್ಟು ಏರಿತ್ತು. ನನಗೆ ಮುಖ್ಯ ಅನಿಸಿದ್ದು ಇನ್ನೊಂದು. ನರತಂತು ಹಾಳಾದಾಗ ರಕ್ತಕ್ಕೆ ಸೋರುವ ನ್ಯೂರೋಫಿಲಮೆಂಟ್ ಪ್ರೋಟೀನ್ ಎಂಎಸ್ ಬಂದವರಲ್ಲಿ ಏರಿದ್ದು ಸೋಂಕಾದ ಮೇಲೆಯೇ, ಅದಕ್ಕೆ ಮೊದಲಲ್ಲ. ಅಂದರೆ ವೈರಸ್ ಮೊದಲು, ನರಹಾನಿ ಆಮೇಲೆ.

ಸುಮ್ನೆ ಮತ್ತೆ ಮತ್ತೆ ವೈರಸ್ ಪರೀಕ್ಷೆ ಮಾಡಿಸಬೇಡಿ. ಒಂದು ಕಣ್ಣು ಮಂಜಾದರೆ, ಕೈಕಾಲಿನ ಜೋಮು ದಿನ ಕಳೆದರೂ ಬಿಡದಿದ್ದರೆ, ನರರೋಗ ತಜ್ಞರಿಗೆ ತೋರಿಸಿ.