ನಾವು ಹಾಡ್ತೀವಿ, ಸಭೆ ಸುಮ್ನ ನಿಂದರ್ತದ

ಪ್ರಶ್ನೆ: ಅಕ್ಕಾರೇ ನಮಸ್ಕಾರ. ನಾನು ಎರಡು ವರ್ಷದಿಂದ ನಮ್ಮ ಚರ್ಚ್‌ದಾಗ ವರ್ಶಿಪ್ ಲೀಡರ್ (ಆರಾಧನ್ಯಾಗ ಹಾಡು ನಡಸೋವ) ಇದ್ದೀನಿ. ಕೀಬೋರ್ಡ್, ಪ್ಯಾಡ್, ಗಿಟಾರ್ ಎಲ್ಲಾ ಅದ, ಹುಡುಗ್ರೂ ಛಲೋ ಬಾರಸ್ತಾರ, ಆದ್ರ ಸಭೆ ಹಾಡಂಗಿಲ್ಲ, ನಮ್ಮನ್ನ ನೋಡ್ಕೋತ ನಿಂದರ್ತದ. ಟೀಮ್‌ನವ್ರು ನಾವು ಬೈಬಲ್‌ದಾಗ ದೇವಾಲಯದ ಸೇವಾ ಮಾಡ್ತಿದ್ದ ಲೇವಿಯರು ಇದ್ದಂಗ, ಹಾಡೋದು ನಮ್ಮ ಕೆಲಸ ಅಂತಾರ. ತಪ್ಪು ಎಲ್ಲಿ ಆಗ್ಲಾಕತ್ತದ್ರಿ?
– ಒಬ್ಬ ಓದುಗ, ಬೀದರ್ ಜಿಲ್ಲೆ

ಉತ್ತರ: ತಮ್ಮಾ, ಲೇವಿಯರ ಮಾತು ಮೊದಲು ಮುಗಸ್ತೀನಿ. ಬೈಬಲಿನ 1 ಪೂರ್ವಕಾಲವೃತ್ತಾಂತ 25ನೇ ಅಧ್ಯಾಯದಾಗ ಆಸಾಫ, ಹೇಮಾನ, ಯೆದುತೂನ ಅನ್ನೋ ಲೇವಿ ಹಾಡುಗಾರರ ಕಡೀ ಹಾಡ್ಲಾಕ ಕಲಿತವ್ರು 288 ಮಂದಿ ಇದ್ರು ಅಂತ ಅದ, ಪ್ರಾಕ್ಟೀಸ್ ಇಲ್ದೇ ಮೈಕ್ ಹಿಡೀಬಾರ್ದು ಅನ್ಲಾಕ ಅಷ್ಟು ಸಾಕು. ಆದ್ರ ಕೊಲೊಸ್ಸೆ ಸಭೆಗೆ ಬರ್ದ ಪತ್ರದಾಗ (3:16) ಅಪೊಸ್ತಲ ಪೌಲ ಹಾಡ್ರಿ ಅಂತ ಹೇಳಿದ್ದು ಇಡೀ ಸಭೆಗೆ. ನಿನ್ನ ಕೆಲಸ ಹಾಡೋದಲ್ಲ, ಹಾಡ್ಸೋದು.

ನಾನೂ ಕಲಬುರಗ್ಯಾಗ ಒಂದು ಚರ್ಚ್‌ದಾಗ ಭಾಳ ವರ್ಷ ಹಾಡ್ಸೀನಿ. ಮುಂದಿನ ಸಾಲಿನ್ಯಾಗ ಒಬ್ರು ಆಯಿ ಕೂಡ್ತಿದ್ರು, ಅವರ ಸಂಗೀತ ಪುಸ್ತಕದ ರಟ್ಟು ಕಿತ್ತು ಹೋಗಿ ಹಳೇ ಸೀರಿ ತುಂಡು ಹಚ್ಚಿ ಹೊಲ್ಕೊಂಡಿದ್ರು. ಒಂದಿನ ನಾನು ನನ್ನ ದನಿಗಿ ಛಂದ ಕೂಡ್ತದಂತ ಎಫ್ ಸ್ಕೇಲ್‌ದಾಗ, ಅಂದ್ರ ಎತ್ತರದ ಶ್ರುತಿಯಾಗ, ಎತ್ತಿದೆ, ಆಯಿ ಮೊದಲನೇ ಚರಣ ಹ್ಯಾಂಗೋ ಎಳದ್ರು, ಎರಡನೇದಕ್ಕ ಕೆಮ್ಮು ಬಂತು, ಪುಸ್ತಕ ಮುಚ್ಚಿ ಉಡ್ಯಾಗ ಇಟ್ಕೊಂಡ್ರು. ಆವತ್ತು ಎಲ್ರೂ ಛಲೋ ಹಾಡ್ದಿ ಅಂದ್ರು, ನಂಗ ಮಾತ್ರ ರಾತ್ರಿ ನಿದ್ದಿ ಹತ್ತಲಿಲ್ಲ. ಮುಂದಿನ ವಾರ ಕೀಬೋರ್ಡ್ ಹುಡುಗಗ ಟ್ರಾನ್ಸ್‌ಪೋಸ್ ಮೂರು ಇಳಸು ಅಂದೆ, ಶ್ರುತಿ ಕೆಳಗ ಡಿ ಗಿ ಬಂತು, ನನ್ನ ದನಿ ಅಷ್ಟು ಮಿಂಚಲಿಲ್ಲ ಖರೇ, ಆದ್ರ ಹಿಂದಿನ ಸಾಲಿನ ಗಂಡಸ್ರೂ ಹಾಡಿದ್ರು. ಹಂಗಾಗಿ ನೀನು ಮೊದಲು ಸ್ಕೇಲ್ ನೋಡ್ಕೊ.

ಎರಡನೇದು ಹಾಡು. ನಮ್ಮ ಕಡೀ ತೆಲುಗು, ಹಿಂದಿ ಹಾಡು ಕನ್ನಡ ಅಕ್ಷರದಾಗ ಸ್ಕ್ರೀನಿಗಿ ಹಾಕೋದು ರೂಢಿ ಆಗ್ಯದ. ನಂಗೂ ಅವು ಭಾಳ ಸೇರ್ತಾವ, ಆದ್ರ 1 ಕೊರಿಂಥ 14:15ರಾಗ ಬುದ್ಧಿಯಿಂದಲೂ ಹಾಡಬೇಕು ಅಂತದ ನೋಡು, ಅರ್ಥ ಆಗ್ಲಾರ್ದ ಹಾಡು ಒಂದೇ ಆರಾಧನ್ಯಾಗ ಮೂರ್ಮೂರು ತಂದ್ರ ಜನ ಹ್ಯಾಂಗ ಹಾಡ್ಬೇಕು? ಹೊಸಾದು ಒಂದೇ ಸಾಕು, ಅದನ್ನೇ ನಾಕು ವಾರ ಹಾಡ್ಸು. ಓದ್ಲಾಕ ಬರಲಾರ್ದವ್ರು ಇರ್ತಾರ, ಚರಣ ಶುರು ಆಗೋಕಿಂತ ಮೊದಲು ಅದರ ಮೊದಲನೇ ಸಾಲು ಬಾಯಿಲೇ ಹೇಳು, ಇದು ನಮ್ಮ ಹಿರೇರು ಮಾಡ್ತಿದ್ದದ್ದು, ಪ್ರೊಜೆಕ್ಟರ್ ಬಂದ ಮ್ಯಾಲ ಬಿಟ್ಟೇವಿ. ಹಾಡಿನ ನಡುವ ಪ್ರಸಂಗ ಮಾಡ್ಬ್ಯಾಡ, ಅದಕ್ಕ ಪಾಸ್ಟರ್ ಇದ್ದಾರ, ಶುಕ್ರವಾರನೇ ಅವರಿಗಿ ಫೋನ್ ಹಚ್ಚಿ ಯಾವ ವಾಕ್ಯದ ಮ್ಯಾಲ ಪ್ರಸಂಗ ಅಂತ ಕೇಳಿ ಹಾಡು ಆರಸು.

ಬೀದರ್ ಕಡೀ ಮೆಥಡಿಸ್ಟ್ ಸಭೆಗಳು ಭಾಳ ಹಳೇವು. ಆ ಸಭೆಗೆ ಮೂಲ ಆದ ಜಾನ್ ವೆಸ್ಲಿ 1761ರಾಗೇ ಹಾಡೋರಿಗಿ ಸೂಚನೆ ಬರ್ದಾರ, ಎಲ್ರೂ ಹಾಡ್ರಿ, ಉಳಿದವ್ರ ದನಿ ಮುಚ್ಚೋವಂಗ ಒದರಬ್ಯಾಡ್ರಿ ಅಂತ. ಮೈಕ್ ಇಲ್ಲದ ಕಾಲಕ್ಕೇ ಹಂಗ ಹೇಳಿದ್ರು, ನಮಗ ಇನ್ನೂ ಜಾಸ್ತಿ ಲಾಗೂ ಆಗ್ತದ. ಕಡೀ ಹಾಡಿನ ಕಡೀ ಪಲ್ಲವಿಗಿ ಪ್ಯಾಡ್, ಗಿಟಾರ್ ನಿಲ್ಲಸಿ ನೀನೂ ಮೈಕಿಂದ ಒಂದು ಹೆಜ್ಜಿ ಹಿಂದ ಸರಿ, ಸಭೆ ದನಿ ಎಷ್ಟದ ಅಂತ ನಿನಗೇ ಕೇಳ್ತದ.

ಪ್ರಶ್ನೆ: ಹೆಣ್ಮಕ್ಕಳು ಆರಾಧನೆ ನಡಸ್ಬಹುದೇನ್ರಿ? ಮನ್ಯಾಗ ಬ್ಯಾಡ ಅಂತಾರ.
– ಓದುಗಳು, ಯಾದಗಿರಿ

ಉತ್ತರ: ನಡಸ್ಬಹುದವ್ವ. ನಾನೇ ನಡಸೀನಲ್ಲ. ಮನ್ಯಾಗ ವಿಮೋಚನಕಾಂಡ 15ನೇ ಅಧ್ಯಾಯ ಓದಿ ತೋರ್ಸು, ಇಸ್ರಾಯೇಲ್ಯರು ಸಮುದ್ರ ದಾಟಿದ ಮ್ಯಾಲ ಮೋಶೆಯ ಅಕ್ಕ ಮಿರ್ಯಾಮಳು ದಮ್ಮಡಿ ಹಿಡ್ಕೊಂಡು ಮುಂದ ಬಂದ್ಳು, ಹೆಣ್ಮಕ್ಕಳೆಲ್ಲಾ ಆಕಿ ಹಿಂದ ಬಂದ್ರು, ಆಕಿ ಅವರಿಗಿ ಹೇಳಿದ ಮೊದಲನೇ ಮಾತು ಹಾಡ್ರಿ ಅಂತ.