ಗಡಿಯಾರ ಹಿಂದಕ್ಕೆ ಸರಿದಾಗ

ಪ್ರಶ್ನೆ: ನಾವು ಜರ್ಮನಿಯ ಮ್ಯೂನಿಕ್‌ನಲ್ಲಿದ್ದೇವೆ. ಬೇಸಿಗೆಯಲ್ಲಿ ಸಂಜೆ 5 ಗಂಟೆಗೆ ಕರೆ ಮಾಡಿದರೆ, ಮೈಸೂರಿನಲ್ಲಿರುವ ನಮ್ಮ ಅತ್ತೆಯವರು ಮೊಮ್ಮಗಳಿಗೆ ಕಥೆ ಹೇಳುತ್ತಿದ್ದರು. ನವೆಂಬರ್ ಬಂದ ಮೇಲೆ ಆ ಹೊತ್ತಿಗೆ ಅವರು ಮಲಗಿರುತ್ತಾರೆ, ಮಗಳು ಅಳುತ್ತಾಳೆ. ಏನು ಮಾಡಲಿ?

ಉತ್ತರ: ಇದರಲ್ಲಿ ತಪ್ಪು ನಿಮ್ಮದೂ ಅಲ್ಲ, ಅತ್ತೆಯವರದೂ ಅಲ್ಲ. ಜರ್ಮನಿಯಲ್ಲಿ ಮಾರ್ಚ್ ತಿಂಗಳ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೂ, ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಹಿಂದಕ್ಕೂ ತಿರುಗಿಸುವುದರಿಂದ, ಬೇಸಿಗೆಯಲ್ಲಿ ಮೂರೂವರೆ ಗಂಟೆಯಷ್ಟಿದ್ದ ಅಂತರ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆಯಾಗುತ್ತದೆ. ನಿಮ್ಮ ಸಂಜೆ 5 ಗಂಟೆ ಅವರಿಗೆ ರಾತ್ರಿ ಎಂಟೂವರೆಯಾಗಿರದೆ ಒಂಬತ್ತೂವರೆಯಾಗಿರುತ್ತದೆ. ಹಿರಿಯರ ನಿದ್ದೆಯನ್ನು ಮುಂದೂಡುವುದು ನನಗೆ ಸರಿಕಾಣುವುದಿಲ್ಲ. ಮಗಳು ತಿಂಡಿ ತಿನ್ನುವ ಬೆಳಗಿನ 7 ಗಂಟೆಗೆ ಮೈಸೂರಿನಲ್ಲಿ ಹನ್ನೊಂದೂವರೆ. ಪೂಜೆ, ತಿಂಡಿ ಮುಗಿಸಿ ಅತ್ತೆಯವರು ತುಸು ಬಿಡುವಾಗಿರುವ ಸಮಯ. ಆಗ ಹತ್ತು ನಿಮಿಷದ ಮಾತು ಸಾಕು. ದೀರ್ಘ ಕಥೆಯನ್ನು ಭಾನುವಾರ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ; ಜರ್ಮನಿಯಲ್ಲಿ ಅಂದು ಅಂಗಡಿಗಳು ಬಹುತೇಕ ಮುಚ್ಚಿರುವುದರಿಂದ ನಿಮಗೂ ಬಿಡುವಿರುತ್ತದೆ. ಮಾರ್ಚ್ ಕೊನೆಯಲ್ಲಿ ಗಡಿಯಾರ ಬದಲಾಗುವುದನ್ನು ಮಾತ್ರ ಅತ್ತೆಯವರಿಗೆ ಒಂದು ವಾರ ಮೊದಲೇ ತಿಳಿಸಿ.